ಓದುಗರ ಪ್ರಶ್ನೆ, ನಮ್ಮ ಉತ್ತರ: ಜೂಜುಕುದುರೆಯ ಇಂದಿನ ಸ್ಥಿತಿ

ರೇಸ್ ಕುದುರೆಗಳ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಜೂಜು ಸರಿಯೋ ತಪ್ಪೋ ಎಂದು ಕೇಳಿದ್ದವು. ಕುದುರೆಯ ಬಗ್ಗೆಯೇ ಕೇಳಿದವರು ಕೆಲವರು. ಈ ಬಾರಿ ಅವರ ಪ್ರಶ್ನೆಗಳನ್ನೇ ಆಯ್ದುಕೊಂಡಿದ್ದೇನೆ.

ನಮ್ಮೂರಿನ ಸ್ಟಡ್ ಫಾರ್ಮ್ (ಕುದುರೆ ತಳಿ ಸಾಕಣೆ ಕೇಂದ್ರ) ಜಾಗದಲ್ಲಿ ಉಪನಗರ ಕಟ್ಟುವ ಮಾತು ಕೇಳಿಬರುತ್ತಿದೆ. ಕೆಲವು ಶ್ರೀಮಂತರ ಕುದುರೆಗಳಿಗಾಗಿ 400 ಎಕರೆಗೂ ಹೆಚ್ಚು ಸರ್ಕಾರಿ ಭೂಮಿಯನ್ನು ಬಿಟ್ಟುಕೊಡಬೇಕೆ?
– ಓದುಗರೊಬ್ಬರು, ಕುಣಿಗಲ್

ಟಿಪ್ಪು ಸುಲ್ತಾನನ ಅಶ್ವದಳಕ್ಕೆ ಕುದುರೆ ಒದಗಿಸಲು ಶುರುವಾದ ಈ ಫಾರ್ಮ್ ಮೈಸೂರು ಸಂಸ್ಥಾನದ ಕಾಲವನ್ನು ದಾಟಿ ರಾಜ್ಯದ ಪಶುಸಂಗೋಪನಾ ಇಲಾಖೆಯ ಕೈಗೆ ಬಂತು. 1992ರಲ್ಲಿ ಅದನ್ನು 30 ವರ್ಷಗಳ ಗುತ್ತಿಗೆಗೆ ಯುಬಿ ಸಮೂಹದ ಕಂಪನಿಗೆ ಕೊಡಲಾಯಿತು. ಆ ಅವಧಿ 2022ಕ್ಕೆ ಮುಗಿಯಿತು. ಭೂಮಿ ಸಾರ್ವಜನಿಕರದ್ದು, ಆದ್ದರಿಂದ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಕುದುರೆ ಸಾಕಣೆಗೆ ಅಷ್ಟು ಜಾಗ ಏಕೆ ಬೇಕೆಂಬುದನ್ನೂ ತಿಳಿಯಬೇಕು. ಕುದುರೆ ಮರಿಯ ಮೂಳೆ ಗಟ್ಟಿಯಾಗುವುದು ಲಾಯದೊಳಗೆ ತಿಂದ ಹುರುಳಿಯಿಂದಲ್ಲ, ತಾಯಿಯ ಜೊತೆ, ಓರಗೆಯ ಮರಿಗಳ ಜೊತೆ ಬಯಲಿನಲ್ಲಿ ಓಡಿದ್ದರಿಂದ. ಮೊದಲ ವರ್ಷ ಇಕ್ಕಟ್ಟಿನಲ್ಲಿ ಬೆಳೆದ ಮರಿಗೆ ಆಮೇಲೆ ಎಷ್ಟು ಒಳ್ಳೆಯ ತರಬೇತಿ ಕೊಟ್ಟರೂ ಆ ಕೊರತೆ ಪೂರ್ತಿಯಾಗಿ ತುಂಬುವುದಿಲ್ಲ. ಹೆಣ್ಣು ಕುದುರೆಯ ಗರ್ಭಕಾಲ ಹನ್ನೊಂದು ತಿಂಗಳು. ಕೂಡಿಸಿದ ದಿನದಿಂದ ಆ ಮರಿ ಮೊದಲ ರೇಸ್ ಓಡುವವರೆಗೆ ಮೂರು ವರ್ಷ ಹಿಡಿಯುತ್ತದೆ, ಒಂದು ಬೀಜದ ಗಂಡು ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ಇನ್ನೂ ನಾಲ್ಕೈದು ವರ್ಷ ಬೇಕು. ಭೂಮಿ ನಾಳೆ ಇರುತ್ತದೆಯೇ ಎಂಬುದೇ ಗೊತ್ತಿಲ್ಲದ ಕಡೆ ಯಾರೂ ಇಂಥ ಕೆಲಸಕ್ಕೆ ಮನಸ್ಸಿಟ್ಟು ದುಡ್ಡು ಹಾಕುವುದಿಲ್ಲ.

ಹಾಗೆಂದು ಹಳೆಯ ವ್ಯವಸ್ಥೆಯೇ ಮುಂದುವರಿಯಲಿ ಎಂದು ನಾನು ಹೇಳುವುದಿಲ್ಲ. ಈ ಭೂಮಿಯನ್ನು ತುಂಡು ಮಾಡದೆ, ನಮ್ಮ ಪಶುವೈದ್ಯಕೀಯ ವಿಶ್ವವಿದ್ಯಾಲಯವನ್ನು ಜೊತೆಗೆ ಸೇರಿಸಿಕೊಂಡು ತಳಿ ಸಂವರ್ಧನೆ, ಅಶ್ವವೈದ್ಯ ತರಬೇತಿ ಮತ್ತು ಓಟ ನಿಲ್ಲಿಸಿದ ಕುದುರೆಗಳ ಆಶ್ರಯ ಈ ಮೂರಕ್ಕೂ ಬಳಸಬೇಕು. ಖಾಸಗಿಯವರು ಬರುವುದಾದರೆ ಈ ಷರತ್ತಿಗೆ ಒಪ್ಪಿ ಬರಲಿ. ಎರಡು ಶತಮಾನಗಳಿಂದ ಕುದುರೆಗಳು ಮೇದ ನೆಲದಲ್ಲಿ ಒಮ್ಮೆ ಮನೆಗಳೆದ್ದರೆ ಅದು ಮತ್ತೆ ಹುಲ್ಲುಗಾವಲಾಗುವುದಿಲ್ಲ.

ರೇಸ್ ಕುದುರೆಗಳ ವೇಗ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ, ಅಥವಾ ತಳಿ ದುರ್ಬಲವಾಗುತ್ತಿದೆಯೇ?
– ಪಶುವೈದ್ಯಕೀಯ ವಿದ್ಯಾರ್ಥಿನಿ, ಹೆಬ್ಬಾಳ

ಎರಡೂ ಆಗುತ್ತಿದೆ ಎಂಬುದೇ ನನ್ನ ಆತಂಕ. ಅಮೆರಿಕದ ಸೆಕ್ರೆಟೇರಿಯಟ್ ಎಂಬ ಕುದುರೆ 1973ರಲ್ಲಿ ಅಲ್ಲಿನ ಹೆಸರಾಂತ ಓಟಗಳಾದ ಕೆಂಟಕಿ ಡರ್ಬಿಯಲ್ಲೂ ಬೆಲ್ಮಾಂಟ್ ಸ್ಟೇಕ್ಸ್‌ನಲ್ಲೂ ಬರೆದ ದಾಖಲೆಗಳನ್ನು ಈವರೆಗೆ ಯಾವ ಕುದುರೆಯೂ ಮುರಿದಿಲ್ಲ. ಇನ್ನೊಂದೆಡೆ, ಬ್ರಿಟನ್ನಿನ ಓಟಗಳನ್ನು ಪರಿಶೀಲಿಸಿದ 2015ರ ಅಧ್ಯಯನವೊಂದು ಕಡಿಮೆ ದೂರದ ಓಟಗಳಲ್ಲಿ ವೇಗ ಸ್ಪಷ್ಟವಾಗಿ ಹೆಚ್ಚಿದೆ ಎಂದು ತೋರಿಸಿತು. ಅಂದರೆ ಬೇಗ ಬೆಳೆದು, ಕಡಿಮೆ ದೂರವನ್ನು ಜೋರಾಗಿ ಓಡಿ, ಮಾಲೀಕರ ಹಣವನ್ನು ಬೇಗ ಹಿಂದಿರುಗಿಸುವ ಕುದುರೆಯನ್ನೇ ಮಾರುಕಟ್ಟೆ ಬಯಸಿತು, ತಳಿಗಾರರು ಅದನ್ನೇ ಒದಗಿಸಿದರು.

ರೇಸಿಗೆಂದೇ ಬೆಳೆಸಿದ ತಳಿ ಥರೋಬ್ರೆಡ್. ಇಂದಿನ ಎಲ್ಲ ಥರೋಬ್ರೆಡ್ ಕುದುರೆಗಳ ಗಂಡು ವಂಶಾವಳಿ ಮೂರೇ ಕುದುರೆಗಳಿಗೆ ಹೋಗಿ ಸೇರುತ್ತದೆ: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. 1791ರಲ್ಲಿ ಇಂಗ್ಲೆಂಡಿನಲ್ಲಿ ಈ ತಳಿಯ ವಂಶಾವಳಿ ಪುಸ್ತಕ (ಸ್ಟಡ್ ಬುಕ್) ಮೊದಲು ಪ್ರಕಟವಾಯಿತು. ಆ ಪರಂಪರೆಯ ನೋಂದಣಿಯಲ್ಲಿ ತಂದೆ ತಾಯಿಯ ಹೆಸರಿಲ್ಲದ ಕುದುರೆಗೆ ಇಂದಿಗೂ ಪ್ರವೇಶ ದುರ್ಲಭ. ಬಾಗಿಲು ಮುಚ್ಚಿದ ಇಂಥ ತಳಿಯಲ್ಲಿ ಒಳಗಿರುವ ವೈವಿಧ್ಯವನ್ನು ಕಾಪಾಡುವುದೇ ದೊಡ್ಡ ಜವಾಬ್ದಾರಿಯಾಗಬೇಕಿತ್ತು, ಆದರೆ ನಡೆದದ್ದು ಅದಕ್ಕೆ ವಿರುದ್ಧ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹತ್ತು ಸಾವಿರಕ್ಕೂ ಹೆಚ್ಚು ಕುದುರೆಗಳ ವಂಶವಾಹಿಗಳನ್ನು ಪರಿಶೀಲಿಸಿ, ಕಳೆದ ನಾಲ್ಕೂವರೆ ದಶಕಗಳಲ್ಲಿ ರಕ್ತಸಂಬಂಧದೊಳಗೇ ಕೂಡಿಸುವಿಕೆ ಗಮನಾರ್ಹವಾಗಿ ಹೆಚ್ಚಿದೆ ಎಂದಿತು. ಆ ಕುದುರೆಗಳ ಪೈಕಿ 97 ಪ್ರತಿಶತದ ವಂಶಾವಳಿಯಲ್ಲಿ ಒಂದೇ ಹೆಸರು ಕಂಡುಬಂತು: 1961ರಲ್ಲಿ ಕೆನಡಾದಲ್ಲಿ ಹುಟ್ಟಿದ ನಾರ್ದರ್ನ್ ಡಾನ್ಸರ್.

ಕಾರಣ ಸರಳ. ಹೆಸರಾಂತ ಗಂಡು ಕುದುರೆಯ ಮರಿ ಹರಾಜಿನಲ್ಲಿ ಹೆಚ್ಚಿನ ಬೆಲೆಗೆ ಹೋಗುತ್ತದೆ. ಹಿಂದೆ ಒಂದು ಗಂಡಿಗೆ ಒಂದು ಋತುವಿನಲ್ಲಿ ನಲವತ್ತು ಹೆಣ್ಣುಗಳನ್ನು ಬಿಟ್ಟರೆ ಹೆಚ್ಚು ಎನ್ನುತ್ತಿದ್ದರು. ಈಗ ಜನಪ್ರಿಯ ಗಂಡಿಗೆ ನೂರೈವತ್ತು, ಇನ್ನೂರು ಹೆಣ್ಣುಗಳನ್ನು ಬಿಡುತ್ತಾರೆ. ಅಮೆರಿಕದಲ್ಲಿ ಈ ತಳಿಯ ನೋಂದಣಿ ಮಾಡುವ ಜಾಕಿ ಕ್ಲಬ್ 2020ರಲ್ಲಿ ಈ ಸಂಖ್ಯೆಯನ್ನು 140ಕ್ಕೆ ಮಿತಿಗೊಳಿಸುವ ನಿಯಮ ಮಾಡಿತು. ದೊಡ್ಡ ಸ್ಟಡ್ ಫಾರ್ಮ್‌ಗಳು ನ್ಯಾಯಾಲಯಕ್ಕೆ ಹೋದ ಮೇಲೆ 2022ರಲ್ಲಿ ಅದನ್ನು ಹಿಂದೆಗೆದುಕೊಂಡಿತು. ಈ ಕಾಲದಲ್ಲಿ ತಳಿಯ ಹಿತಕ್ಕಾಗಿ ಇಟ್ಟ ಅತ್ಯಂತ ವಿವೇಕದ ಹೆಜ್ಜೆ ಅದಾಗಿತ್ತು, ಮತ್ತು ಅದು ಸೋತದ್ದು ಕುದುರೆಗಳಿಗೆ ಆದ ನಷ್ಟ ಎಂದೇ ನಾನು ತಿಳಿದಿದ್ದೇನೆ.

ನಮ್ಮ ದೇಶಕ್ಕೆ ಬರುವ ಬೀಜದ ಗಂಡುಗಳೂ ಬಹುಪಾಲು ಇದೇ ವಂಶಗಳವು. ಆದರೆ ನಮ್ಮಲ್ಲಿ ಕುದುರೆಗಳ ಸಂಖ್ಯೆ ಕಡಿಮೆ, ಎಲ್ಲವುಗಳ ದಾಖಲೆಯೂ ಪುಣೆಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿದೆ. ಹರಾಜಿನ ಪ್ರತಿ ಪಟ್ಟಿಯಲ್ಲೂ ಮರಿಯ ತಂದೆ ತಾಯಿಯ ನಡುವಿನ ರಕ್ತಸಂಬಂಧದ ಪ್ರಮಾಣವನ್ನು ಮುದ್ರಿಸಬೇಕೆಂದು ನಿಯಮ ಮಾಡಿದರೆ ಕೊಳ್ಳುವವರೂ ಯೋಚಿಸುತ್ತಾರೆ, ತಳಿಗಾರರೂ ಬೇರೆ ರಕ್ತವನ್ನು ಹುಡುಕುತ್ತಾರೆ. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಹಸುಗಳಿಗೆ ಮಾಡುವಂತೆ ಈ ಕುದುರೆಗಳಿಗೂ ಕೃತಕ ಗರ್ಭಧಾರಣೆ ಏಕೆ ಮಾಡಬಾರದು?
– ಹೈನುಗಾರರೊಬ್ಬರು, ಮಂಡ್ಯ

ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮರಿಯನ್ನು ಥರೋಬ್ರೆಡ್ ಎಂದು ಯಾವ ದೇಶದ ಸ್ಟಡ್ ಬುಕ್ಕೂ ನೋಂದಾಯಿಸುವುದಿಲ್ಲ, ನೋಂದಣಿಯಿಲ್ಲದೆ ರೇಸಿಗೆ ಅವಕಾಶವಿಲ್ಲ. ಹಳೆಯ ಪದ್ಧತಿ ಎಂದು ಇದನ್ನು ಟೀಕಿಸುವವರಿದ್ದಾರೆ. ಆದರೆ ನೇರವಾಗಿ ಕೂಡಿಸಿಯೇ ಒಂದು ಗಂಡಿಗೆ ಇಷ್ಟು ಮರಿಗಳಾಗುತ್ತಿರುವಾಗ ವೀರ್ಯದ ಕಡ್ಡಿಗಳೂ ಬಂದರೆ ತಳಿ ಇನ್ನೂ ಬೇಗ ಕಿರಿದಾಗುತ್ತದೆ. ಈ ನಿಯಮ ಉಳಿಯಲಿ.

ಎರಡು ವರ್ಷದ ಮರಿಗಳನ್ನು ಓಡಿಸುವುದರಿಂದಲೇ ಕುದುರೆಗಳ ಕಾಲು ಮುರಿಯುತ್ತದೆ ಎಂದು ಓದಿದೆ. ಇದನ್ನು ನಿಷೇಧಿಸಬಾರದೇ?
– ಗೃಹಿಣಿ, ಧಾರವಾಡ

ನಿಮ್ಮ ಕಳಕಳಿ ಅರ್ಥವಾಗುತ್ತದೆ, ಆದರೆ ದೋಷ ವಯಸ್ಸಿನದಷ್ಟೇ ಅಲ್ಲ. ಬೆಳೆಯುವ ಮೂಳೆ ಹಂತಹಂತವಾಗಿ ಕೊಟ್ಟ ಶ್ರಮಕ್ಕೆ ಹೊಂದಿಕೊಂಡು ಗಟ್ಟಿಯಾಗುತ್ತದೆ; ತುಂಬ ತಡವಾಗಿ ತರಬೇತಿ ಶುರುಮಾಡಿದ ಕುದುರೆಗಳು ಹೆಚ್ಚು ಸುರಕ್ಷಿತ ಎಂಬುದಕ್ಕೆ ಅಧ್ಯಯನಗಳ ಬೆಂಬಲವಿಲ್ಲ. ಅಪಾಯ ಇರುವುದು ಕಣ್ಣಿಗೆ ಕಾಣದ ಬಿರುಕಿನಲ್ಲಿ. ಓಟದ ನಡುವೆ ಕಾಲು ಮುರಿದು ಸತ್ತ ಕುದುರೆಗಳ ಮರಣೋತ್ತರ ಪರೀಕ್ಷೆಯಲ್ಲಿ ಬಹಳಷ್ಟು ಸಲ ಅದೇ ಜಾಗದಲ್ಲಿ ಹಳೆಯ ಪೆಟ್ಟು ಕಾಣಿಸುತ್ತದೆ. ಸಣ್ಣದಾಗಿ ಕುಂಟುವ ಕುದುರೆಗೆ ನೋವುನಿವಾರಕ ಕೊಟ್ಟು ಮುಂದಿನ ಶನಿವಾರವೇ ಓಡಿಸಿದಾಗ ಆ ಬಿರುಕು ಮಾಯುವ ಮುನ್ನವೇ ಮೂಳೆ ಕೈಕೊಡುತ್ತದೆ.

ಕ್ಯಾಲಿಫೋರ್ನಿಯಾದ ಸಾಂಟಾ ಅನಿತಾ ರೇಸ್ ಕೋರ್ಸ್‌ನಲ್ಲಿ 2019ರ ಮೊದಲ ತಿಂಗಳುಗಳಲ್ಲಿ ಕುದುರೆಗಳು ಒಂದರ ಮೇಲೊಂದು ಸತ್ತಾಗ ಸಾರ್ವಜನಿಕರ ಆಕ್ರೋಶಕ್ಕೆ ಕಾನೂನೇ ಬದಲಾಯಿತು. ನಿಂತಿರುವ ಕುದುರೆಯ ಕಾಲನ್ನೇ ಪರೀಕ್ಷಿಸುವ ಪೆಟ್ ಸ್ಕ್ಯಾನ್ ಯಂತ್ರ ಅಲ್ಲಿಗೆ ಬಂತು. 2022ರಿಂದ ಓಟದ ಸುರಕ್ಷತೆಗೆ ರಾಷ್ಟ್ರಮಟ್ಟದ ಪ್ರಾಧಿಕಾರ ಜಾರಿಗೆ ಬಂತು. ಅಮೆರಿಕದಲ್ಲಿ 2009ರಲ್ಲಿ, ಒಂದು ಕುದುರೆ ಒಂದು ರೇಸಿನಲ್ಲಿ ಓಡಿದ್ದನ್ನು ಒಂದು ಎಂದು ಎಣಿಸಿದರೆ, ಅಂಥ ಸಾವಿರಕ್ಕೆ ಎರಡು ಕುದುರೆಗಳು ಸಾಯುತ್ತಿದ್ದವು. ಈ ಪ್ರಾಧಿಕಾರದ ವ್ಯಾಪ್ತಿಯ ಕೋರ್ಸ್‌ಗಳಲ್ಲಿ 2024ರಲ್ಲಿ ಆ ಪ್ರಮಾಣ 0.90ಕ್ಕೆ ಇಳಿಯಿತು. ಲೆಕ್ಕ ಇಟ್ಟು, ಅದನ್ನು ಜನರ ಮುಂದಿಟ್ಟು, ಮುಜುಗರ ಅನುಭವಿಸಿದ್ದರಿಂದ ಆದ ಬದಲಾವಣೆ ಇದು. ನಮ್ಮ ದೇಶದಲ್ಲಿ ರೇಸ್ ನಡೆಸುವ ಐದು ಟರ್ಫ್ ಪ್ರಾಧಿಕಾರಗಳೂ ಒಂದೇ ನಮೂನೆಯಲ್ಲಿ ಪ್ರತಿವರ್ಷ ಗಾಯ ಮತ್ತು ಸಾವಿನ ಲೆಕ್ಕವನ್ನು ಪ್ರಕಟಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರೇಸ್ ಉದ್ಯಮ ಮುಳುಗುತ್ತಿದೆ ಎನ್ನುತ್ತಾರೆ. ಜೂಜು ನಿಂತರೆ ಒಳ್ಳೆಯದೇ ಅಲ್ಲವೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಕುಗ್ಗುತ್ತಿರುವುದು ನಿಜ. 2024ರಲ್ಲಿ ಮಕಾವ್ ಮತ್ತು ಸಿಂಗಪುರಗಳಲ್ಲಿ ರೇಸ್ ಶಾಶ್ವತವಾಗಿ ನಿಂತಿತು. ಚೆನ್ನೈನ ಗಿಂಡಿ ರೇಸ್ ಕೋರ್ಸ್‌ನ 160 ಎಕರೆಯನ್ನು ಅದೇ ವರ್ಷ ತಮಿಳುನಾಡು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಬೆಂಗಳೂರಿನ ಕೋರ್ಸ್‌ನ ಗುತ್ತಿಗೆ 2009ರ ಕೊನೆಗೇ ಮುಗಿದು, ಅಂದಿನಿಂದ ವಿವಾದ ನ್ಯಾಯಾಲಯಗಳನ್ನು ಸುತ್ತುತ್ತಿದೆ.

ಕುದುರೆ ಓಟದಲ್ಲಿ ಕೌಶಲವೇ ಪ್ರಧಾನ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ 2023ರ ಅಕ್ಟೋಬರ್‌ನಿಂದ ಪಂತದ ಪೂರ್ತಿ ಮೊತ್ತದ ಮೇಲೆ 28 ಪ್ರತಿಶತ, 2025ರ ಸೆಪ್ಟೆಂಬರ್‌ನಿಂದ 40 ಪ್ರತಿಶತ ಜಿಎಸ್‌ಟಿ ಬಿದ್ದಿದೆ. ಜೂಜಿನಿಂದ ಮನೆ ಹಾಳಾದವರನ್ನು ನೀವು ನೋಡಿರಬಹುದು, ಆ ದುಃಖ ಸಣ್ಣದಲ್ಲ. ಆದರೆ ಇಷ್ಟು ಭಾರದ ತೆರಿಗೆಯಿಂದ ಪಂಟರ್‌ಗಳು ಜೂಜು ಬಿಡುವುದಿಲ್ಲ, ಕ್ಲಬ್ಬಿನ ಅಧಿಕೃತ ಪಂತದ ಕಟ್ಟೆಯಾದ ಟೋಟ್ ಕೌಂಟರ್ ಬಿಟ್ಟು ತೆರಿಗೆ ಕಟ್ಟದ ಕಳ್ಳ ಬುಕ್ಕಿಯ ಬಳಿಗೆ ಹೋಗುತ್ತಾರೆ. ಕ್ಲಬ್ಬಿನ ಆದಾಯ ಇಳಿದಾಗ ಬಹುಮಾನದ ಹಣ ಇಳಿಯುತ್ತದೆ, ಮಾಲೀಕ ಲಾಯದ ಖರ್ಚನ್ನು ಕಡಿತಗೊಳಿಸುತ್ತಾನೆ, ಮೊದಲು ಕೆಲಸ ಕಳೆದುಕೊಳ್ಳುವವನು ಕುದುರೆ ಮೈತಿಕ್ಕುವ ಸಾಯಿಸ್. ಆಮೇಲೆ ಬೇಡವಾಗುವುದು ಕುದುರೆ. ಓಟವನ್ನು ಮುಚ್ಚಬೇಕೆಂದು ಸಮಾಜ ನಿರ್ಧರಿಸುವುದಾದರೆ ಸಿಂಗಪುರದಂತೆ ಮುಂಚಿತವಾಗಿ ದಿನ ಗೊತ್ತುಮಾಡಿ, ಕುದುರೆಗಳಿಗೂ ಕೆಲಸಗಾರರಿಗೂ ದಾರಿ ಮಾಡಿ ಮುಚ್ಚಬೇಕು. ತೆರಿಗೆಯಿಂದ ಉಸಿರುಗಟ್ಟಿಸಿ ಮುಚ್ಚುವುದು ಕ್ರೌರ್ಯ.

ಓಟ ನಿಲ್ಲಿಸಿದ ಕುದುರೆಯೊಂದನ್ನು ನಮ್ಮ ಕಾಫಿ ತೋಟದಲ್ಲಿ ಸಾಕಲು ಇಷ್ಟ. ಹಣವಿಲ್ಲದೆ ಸಿಗುತ್ತದೆ ಎನ್ನುತ್ತಾರೆ. ತರಬಹುದೇ?
– ಬೆಳೆಗಾರರು, ಮೂಡಿಗೆರೆ

ಓಟ ಮುಗಿಯುವ ಹೊತ್ತಿಗೆ ಇಂಥ ಕುದುರೆಗೆ ಐದಾರು ವರ್ಷ. ಚೆನ್ನಾಗಿ ನೋಡಿಕೊಂಡರೆ ಅದು ಇನ್ನೂ ಇಪ್ಪತ್ತು ವರ್ಷ ಬದುಕುತ್ತದೆ. ಕೆಲವು ಸವಾರಿ ಶಾಲೆಗಳಿಗೆ, ಪೊಲೀಸ್ ಅಶ್ವಾರೋಹಿ ಪಡೆಗಳಿಗೆ ಹೋಗುತ್ತವೆ. ಉಳಿದವು ಕೈ ಬದಲಾಗುತ್ತಾ ಹೋಗಿ ಗಾಡಿಗೋ ಮದುವೆ ಮೆರವಣಿಗೆಗೋ ಸೇರುವುದನ್ನು ತಡೆಯುವ ವ್ಯವಸ್ಥೆ ನಮ್ಮಲ್ಲಿ ಬಲವಾಗಿಲ್ಲ. ಬ್ರಿಟನ್ನಿನಲ್ಲಿ 2000ದಿಂದ ಇಂಥ ಕುದುರೆಗಳಿಗೆ ಮರುತರಬೇತಿ ಕೊಡುವ ಸಂಸ್ಥೆಯೇ ಇದೆ. ನಿಮ್ಮಂಥವರು ಮುಂದೆ ಬಂದದ್ದು ಸಂತೋಷ, ಆದರೆ ಸಿದ್ಧತೆ ಬೇಕು.

ಒಂಟಿ ಕುದುರೆಯನ್ನು ತರಬೇಡಿ. ಜೊತೆಗೆ ಇನ್ನೊಂದು ಕುದುರೆ ಅಥವಾ ತಟ್ಟು ಇರಲಿ. ಲಾಯದ ಕಾಳಿನಿಂದ ಹಸಿ ಹುಲ್ಲಿಗೆ ಹಲವು ವಾರಗಳಲ್ಲಿ ನಿಧಾನವಾಗಿ ಬದಲಾಯಿಸಿ, ಇಲ್ಲದಿದ್ದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಅಪಾಯ. ಮೊದಲ ಕೆಲವು ತಿಂಗಳು ಸವಾರಿ ಬೇಡ. ಮಲೆನಾಡಿನ ಮಳೆಗಾಲದಲ್ಲಿ ಗೊರಸು ಕೊಳೆಯದಂತೆ ಒಣ ನೆಲವಿರುವ, ಮಾಡು ಹಾಕಿದ ಜಾಗ ಬೇಕು. ನೊಣಗಳಿಂದ ಹರಡುವ ಸರ್ರಾ ರೋಗದ ಮೇಲೆ ಕಣ್ಣಿರಲಿ, ಧನುರ್ವಾಯು ಲಸಿಕೆ ತಪ್ಪಬಾರದು, ತರುವ ಮೊದಲೇ ಗ್ಲಾಂಡರ್ಸ್ ಎಂಬ ಸೋಂಕುರೋಗದ ಪರೀಕ್ಷೆಯ ವರದಿ ಕೇಳಿ. ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಲಾಳ ನೋಡುವವರು ನಿಮ್ಮ ಕಡೆಗೆ ಬರುತ್ತಾರೆಯೇ ಎಂದು ಈಗಲೇ ವಿಚಾರಿಸಿಕೊಳ್ಳಿ. ಕುದುರೆಯ ಪಾಸ್‌ಪೋರ್ಟ್ ಮತ್ತು ವರ್ಗಾವಣೆ ಪತ್ರ ನಿಮ್ಮ ಕೈಗೆ ಬರಲಿ, ಅದನ್ನು ಮತ್ತೆ ಓಟಕ್ಕೆ ಬಳಸುವುದಿಲ್ಲ ಎಂಬ ಮಾತು ಬರಹದಲ್ಲಿರಲಿ. ಇಷ್ಟೂ ಸಾಧ್ಯವಿದ್ದರೆ ಮಳೆ ಮುಗಿದ ಮೇಲೆ, ನವೆಂಬರ್ ಹೊತ್ತಿಗೆ ತನ್ನಿ.