ಆ ಒಂದಂಗುಲವನ್ನು ಬರೆಯಿರಿ

ನಮಸ್ಕಾರ.

ಮೂಲ್ಕಿ ಬಳಿಯ ನಿಮ್ಮ ಅಜ್ಜಿಮನೆಯ ಊರು, ಅದರ ಹಳೆಯ ಸರ್ವೆ ನಕ್ಷೆಯ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಜೊತೆಗಿಟ್ಟ ನಕ್ಷೆಯ ಪ್ರತಿ ನೋಡಿದ ಮೇಲೆ ಸುಮ್ಮನೆ ಹಿಂದಿರುಗಿಸಲು ಮನಸ್ಸು ಬರಲಿಲ್ಲ.

ಮೊದಲ ಎರಡು ಪುಟಗಳ ತುಂಬ ‘ಕಾಲಗರ್ಭ’, ‘ನೆನಪಿನ ಬುತ್ತಿ’. ಅವನ್ನು ಪೂರ್ತಿ ತೆಗೆಯಿರಿ. ನಕ್ಷೆಗೆ ಸಿಕ್ಕಿರುವುದು ನಾಲ್ಕೇ ಸಾಲು, ಅದರಲ್ಲೂ ‘ಆಗ ಊರೇ ಇರಲಿಲ್ಲ, ಅಲ್ಲೊಂದು ಇಲ್ಲೊಂದು ಮನೆ’ ಎಂಬ ತಪ್ಪು ಮಾತು. ನಮ್ಮ ಕರಾವಳಿಯ ಊರು ಘಟ್ಟದ ಮೇಲಿನ ಹಳ್ಳಿಯಂತೆ ಒತ್ತೊತ್ತಾಗಿ ಕೂರುವುದಿಲ್ಲ. ಮನೆಗಳು ತಂತಮ್ಮ ಗದ್ದೆ, ತೋಟದ ಅಂಚಿನಲ್ಲಿ ಚದುರಿರುತ್ತವೆ. ನೀವು ಖಾಲಿ ಎಂದುಕೊಂಡ ಜಾಗದಲ್ಲಿ ಚೆಲ್ಲಿದ ಚುಕ್ಕೆಗಳೇ ಊರು.

ಇದು ಒಂದಂಗುಲಕ್ಕೆ ಒಂದು ಮೈಲಿಯ ಹಾಳೆ, ಅಂದರೆ 1:63,360. ಒಂದಂಗುಲವನ್ನಷ್ಟೇ ಹಿಡಿದು ಕುಳಿತುಕೊಳ್ಳಿ. ನಾನು ತೋಡಿನ (ಸಣ್ಣ ಹಳ್ಳದ) ಗೆರೆಯಿಂದ ಪದವಿನ (ಎತ್ತರದ ಬಯಲಿನ) ಕಡೆಗೆ ಬೆರಳು ಸರಿಸಿದೆ. ದಾರಿಯಲ್ಲಿ ಸಿಕ್ಕ ಹೆಸರುಗಳ ಬಾಲ ನೋಡಿ: ಕೆಳಗೆ ಬೈಲು, ನಡುವೆ ಮಜಲು, ಮೇಲೆ ಬೆಟ್ಟು. ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಮಳೆ ನಂಬಿದ ಒಂದೇ ಒಂದು. ಯಾವ ಮನೆಯ ಕಣಜ ಎಷ್ಟು ತುಂಬುತ್ತಿತ್ತು ಎಂಬುದರ ಸುಳಿವು ಆ ಹೆಸರುಗಳಲ್ಲೇ ಇದೆ. ನಿಮ್ಮ ಅಜ್ಜಿಮನೆ ಬೆಟ್ಟಿನಲ್ಲಿದೆ. ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲ!

ಇನ್ನೊಂದು ಕಡೆ ಕಾಲುದಾರಿ ಶಾಂಭವಿ ಹೊಳೆಯ ದಡಕ್ಕೆ ಬಂದು ನಿಂತು, ಎದುರು ದಡದಲ್ಲಿ ಮತ್ತೆ ಶುರುವಾಗುತ್ತದೆ. ನಡುವೆ ಸೇತುವೆಯ ಗುರುತಿಲ್ಲ. ಅಲ್ಲಿ ದೋಣಿಯ ಕಡವು ಇದ್ದಿರಬೇಕು. ದಾಟಿಸುತ್ತಿದ್ದವರು ಯಾರು? ಮಳೆಗಾಲದ ಆಟಿ ತಿಂಗಳಲ್ಲಿ ಹೊಳೆ ತುಂಬಿದಾಗ ಆಚೆ ದಡದ ನೆಂಟರು ಏನು ಮಾಡುತ್ತಿದ್ದರು? ಅಜ್ಜಿಯನ್ನು ಕೇಳಲೇಬೇಕಾದ ಪ್ರಶ್ನೆಗಳಿವು.

‘ನಮ್ಮ ಜಮೀನಿನ ಗಡಿ ನಕ್ಷೆಯಲ್ಲಿದೆ’ ಎಂದು ಬರೆದಿದ್ದೀರಿ. ಈ ಬಗೆಯ ಹಾಳೆಯಲ್ಲಿ ಅದು ಇರುವುದಿಲ್ಲ. ಅದಕ್ಕೆ ಗ್ರಾಮ ನಕ್ಷೆ ಬೇಕು, ಹಕ್ಕಿನ ವಿವರಕ್ಕೆ ಪಹಣಿ ಬೇಕು. 1974ರ ಭೂಸುಧಾರಣೆಗೆ ಮುಂಚೆ ಆ ಗದ್ದೆಗಳಲ್ಲಿ ಒಕ್ಕಲು ಯಾರು, ಧಣಿ ಯಾರು ಎಂಬುದನ್ನು ಹಳೆಯ ದಾಖಲೆಗಳಲ್ಲಿ ಹುಡುಕಿ. ನಕ್ಷೆಯ ಚುಕ್ಕೆಗೆ ಈ ವ್ಯತ್ಯಾಸ ಗೊತ್ತಿಲ್ಲ, ನಿಮ್ಮ ಬರಹಕ್ಕೆ ಗೊತ್ತಿರಬೇಕು.

ಅಜ್ಜಿಗೆ ಎಂಬತ್ತೆಂಟು ಎಂದಿದ್ದೀರಿ. ಈ ಭಾನುವಾರವೇ ಹೋಗಿ. ಹಾಳೆಯನ್ನು ಅವರ ಮುಂದೆ ಹರವಿ, ತೋಡು ಎಲ್ಲಿದೆ ಎಂದು ತೋರಿಸಿ, ಆಮೇಲೆ ಅವರು ಹೇಳಿದ್ದನ್ನು ಬರೆದುಕೊಳ್ಳಿ. ಆರುನೂರು ಪದ ಸಾಕು. ಕಾಯುತ್ತಿರುತ್ತೇನೆ.