ಒಂದೇ ವಿವಾಲ್ಡಿ, ಹತ್ತು ತಂಡ: ಬರೋಕ್ ಪಿಟೀಲು ಕಂಚೆರ್ಟೊಗಳಲ್ಲಿ ಯಾರದ್ದನ್ನು ಕೇಳುವುದು?

ನೀವು ಕೇಳಿರುವುದು ಮೂರು ಪ್ರಶ್ನೆ, ನಿಮ್ಮ ಮಾತಿನಲ್ಲೇ: “ವಿವಾಲ್ಡಿಯ ‘ನಾಲ್ಕು ಋತುಗಳು’ ಎರಡು ಧ್ವನಿಮುದ್ರಿಕೆಗಳಲ್ಲಿ ಎರಡು ಬೇರೆ ಕೃತಿಗಳಂತೆ ಕೇಳಿಸಿತು. ಸ್ವರವೆಲ್ಲ ಬರೆದಿಟ್ಟ ಸಂಗೀತದಲ್ಲಿ ಹೀಗೇಕಾಗುತ್ತದೆ? ಕರ್ನಾಟಕ ಸಂಗೀತ ಬಿಟ್ಟು ಬೇರೇನೂ ಗೊತ್ತಿಲ್ಲದ ನಾನು ಮುಂದೆ ಏನು ಕೇಳಲಿ? ಅಕ್ಟೋಬರ್‌ನಲ್ಲಿ ವೆನಿಸ್‌ಗೆ ಹೋಗುತ್ತಿದ್ದೇನೆ, ಅಲ್ಲಿ ಕಛೇರಿಗೆ ಟಿಕೆಟ್ ಕೊಳ್ಳಬಹುದೆ?” ಉತ್ತರಿಸುವ ನಾನು ವಿದ್ವಾಂಸನಲ್ಲ. ಮೈಸೂರಿನಲ್ಲಿ ಎಂಟು ವರ್ಷ ಪಿಟೀಲು ಕಲಿತು, ವರ್ಣಗಳು ಮುಗಿದು ಕೃತಿಗಳಿಗೆ ಬರುವ ಹೊತ್ತಿಗೆ ಕೆಲಸ ಹಿಡಿದು ಜರ್ಮನಿಗೆ ಹೋದವನು. ಅಲ್ಲಿದ್ದ ವರ್ಷಗಳಲ್ಲಿ ಸಂಬಳದ ಒಂದು ಪಾಲನ್ನು ಚರ್ಚುಗಳ ತಣ್ಣನೆಯ ಬೆಂಚುಗಳ ಮೇಲೆ ಕುಳಿತು ಕಳೆದಿದ್ದೇನೆ. ಆ ಅಧಿಕಾರದಿಂದ ಬರೆಯುತ್ತಿದ್ದೇನೆ, ಅಷ್ಟೇ.

ಮೊದಲ ಪ್ರಶ್ನೆಗೆ ಉತ್ತರ ಒಂದು ನಾಯಿಯ ಬಳಿ ಇದೆ. ‘ನಾಲ್ಕು ಋತುಗಳು’ ಎಂದರೆ ನಾಲ್ಕು ಕಂಚೆರ್ಟೊ, ಅಂದರೆ ಒಂದು ಮುಖ್ಯ ಪಿಟೀಲಿಗೂ ಒಂದು ತಂಡಕ್ಕೂ ಬರೆದ ಮೂರು ಭಾಗಗಳ ಕೃತಿಗಳು. ಅವುಗಳಲ್ಲಿ ಮೊದಲನೆಯದು ‘ವಸಂತ’, ಅದರ ಎರಡನೆಯ ಭಾಗ, ಆ ನಿಧಾನಗತಿಯದ್ದನ್ನು ಹಾಕಿಕೊಳ್ಳಿ. ಮೂರು ನಿಮಿಷವೂ ಇಲ್ಲ. ಹುಲ್ಲುಗಾವಲಿನಲ್ಲಿ ಆಡು ಕಾಯುವವನು ಮಲಗಿದ್ದಾನೆ. ಅವನ ನಿದ್ದೆ ಮುಖ್ಯ ಪಿಟೀಲಿನದು. ಸುತ್ತ ಎಲೆಗಳ ಮರ್ಮರ, ಅದು ಉಳಿದ ಪಿಟೀಲುಗಳದು. ಕೆಳಗೆ ವಿಯೋಲಾ (ಪಿಟೀಲಿಗಿಂತ ತುಸು ದೊಡ್ಡದು, ತಗ್ಗು ದನಿಯದು) ಉದ್ದಕ್ಕೂ ಎರಡು ಪೆಟ್ಟು, ಮತ್ತೆ ಎರಡು ಪೆಟ್ಟು ಹಾಕುತ್ತಲೇ ಇರುತ್ತದೆ. ವಿವಾಲ್ಡಿ ಆ ಸಾಲಿನ ಮೇಲೆ ‘ಬೊಗಳುವ ನಾಯಿ’ ಎಂದು ಬರೆದು, ತುಂಬ ಜೋರಾಗಿ, ಹರಿದಂತೆ ನುಡಿಸಬೇಕು ಎಂದೂ ಸೂಚಿಸಿದ್ದಾನೆ. ಮಂದ್ರದ ಚೆಲ್ಲೊ ಇಲ್ಲ, ಪಿಯಾನೊದ ಹಿಂದಿನ ಕಾಲದ ಹಾರ್ಪ್ಸಿಕಾರ್ಡ್ ಇಲ್ಲ, ತಳಕ್ಕೆ ಏನೂ ಇಲ್ಲ, ನಾಯಿಯೇ ತಳ.

ಈಗ ಇದನ್ನು ರೋಮ್‌ನ ‘ಇ ಮೂಸಿಚಿ’ ತಂಡದವರ ಐವತ್ತರ ದಶಕದ ಧ್ವನಿಮುದ್ರಿಕೆಯಲ್ಲಿ ಕೇಳಿ. ನಾಯಿ ಬಲು ಸಭ್ಯವಾಗಿದೆ. ಒಡೆಯನ ನಿದ್ದೆ ಕೆಡಬಾರದೆಂದು ಗಂಟಲೊಳಗೇ ಬೊಗಳುತ್ತದೆ. ಆಮೇಲೆ ಮಿಲಾನ್‌ನ ‘ಇಲ್ ಜಾರ್ದೀನೊ ಆರ್ಮೋನಿಕೊ’ದವರದ್ದು ಕೇಳಿ. ಅದು ನಮ್ಮ ಬೀದಿಯ ನಾಯಿ. ಮೊದಲ ಸಲ ಕೇಳಿದಾಗ ನನಗೆ ಧ್ವನಿಮುದ್ರಣವೇ ಕೆಟ್ಟಿದೆ ಅನ್ನಿಸಿತ್ತು. ಸ್ವರಗಳು ಎರಡರಲ್ಲೂ ಅವೇ. ಒಬ್ಬರು ಇಂಪನ್ನು ನಂಬಿದರು, ಇನ್ನೊಬ್ಬರು ಸಾಲಿನ ಮೇಲಿನ ಟಿಪ್ಪಣಿಯನ್ನು ನಂಬಿದರು.

ಇದರ ಹಿಂದೆ ಸ್ವಲ್ಪ ಚರಿತ್ರೆ ಇದೆ. ಬರೋಕ್ ಎಂದರೆ ಯೂರೋಪಿನ ಸುಮಾರು 1600ರಿಂದ 1750ರವರೆಗಿನ ಸಂಗೀತ. ವಿವಾಲ್ಡಿ 1678ರಲ್ಲಿ ವೆನಿಸ್‌ನಲ್ಲಿ ಹುಟ್ಟಿ 1741ರಲ್ಲಿ ವಿಯೆನ್ನಾದಲ್ಲಿ ಬಡತನದಲ್ಲಿ ಸತ್ತ. ‘ನಾಲ್ಕು ಋತುಗಳು’ ಇರುವ ಓಪಸ್ 8 ಸಂಪುಟ (ಅಂದರೆ ಅವನ ಎಂಟನೆಯ ಪ್ರಕಟಿತ ಕೃತಿಗುಚ್ಛ) 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾಗಿತ್ತು. ಸತ್ತ ಮೇಲೆ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಅವನನ್ನು ಮರೆತರು. ಅವನ ಕೈಬರಹದ ದೊಡ್ಡ ರಾಶಿ ಸಿಕ್ಕಿದ್ದು 1926ರಲ್ಲಿ, ಉತ್ತರ ಇಟಲಿಯ ಒಂದು ಕ್ರೈಸ್ತ ಮಠದಲ್ಲಿ. ಎಳೆಯ ಮಕ್ಕಳನ್ನು ಕಳೆದುಕೊಂಡಿದ್ದ ಇಬ್ಬರು ಸಿರಿವಂತರು ಆ ಮಕ್ಕಳ ನೆನಪಿಗೆಂದು ಹಣ ಕೊಟ್ಟು ಅವನ್ನು ಟ್ಯೂರಿನ್ ಗ್ರಂಥಾಲಯಕ್ಕೆ ಕೊಡಿಸಿದರು. ಇಂದಿಗೂ ಆ ಸಂಗ್ರಹಗಳಿಗೆ ಆ ಮನೆತನಗಳ ಹೆಸರೇ, ಫೋವಾ ಮತ್ತು ಜೋರ್ಡಾನೊ. ಹೀಗಾಗಿ 1951ರಲ್ಲಿ ಹುಟ್ಟಿದ ಇ ಮೂಸಿಚಿಯವರ ಮುಂದೆ ಅನುಸರಿಸಲು ಯಾವ ಗುರುಪರಂಪರೆಯ ಪಾಠಾಂತರವೂ ಇರಲಿಲ್ಲ. ತಮಗೆ ಗೊತ್ತಿದ್ದ ಹತ್ತೊಂಬತ್ತನೆಯ ಶತಮಾನದ ದುಂಡು ನಾದದಲ್ಲೇ ಅವರು ವಿವಾಲ್ಡಿಯನ್ನು ನುಡಿಸಿದರು. ಅವರನ್ನು ಈಗ ಹಳಿಯುವುದು ಫ್ಯಾಷನ್ ಆಗಿದೆ. ನನಗೆ ಅದು ಕೃತಘ್ನತೆಯಂತೆ ಕಾಣುತ್ತದೆ. ಜಗತ್ತಿನ ಕಿವಿಗೆ ಈ ಸಂಗೀತ ಮತ್ತೆ ಬಿದ್ದುದರಲ್ಲಿ ಅವರ ಪಾಲು ದೊಡ್ಡದು.

ಹೆಚ್ಚುಕಡಿಮೆ ಅದೇ ಕಾಲಕ್ಕೆ, 1953ರಲ್ಲಿ, ವಿಯೆನ್ನಾದಲ್ಲಿ ನಿಕೊಲಾಸ್ ಹಾರ್ನೊನ್‌ಕೂರ್ಟ್ ತನ್ನ ಹೆಂಡತಿ ಆಲಿಸ್ ಜೊತೆ ‘ಕೊನ್ಸೆಂಟುಸ್ ಮೂಸಿಕುಸ್’ ಕಟ್ಟಿದರು. ಹಳೆಯ ಸಂಗೀತಕ್ಕೆ ಹಳೆಯ ವಾದ್ಯ, ಹಳೆಯ ಕಮಾನು, ಹಳೆಯ ಪಠ್ಯಗಳಲ್ಲಿ ಹೇಳಿದ ವಾದನಕ್ರಮ ಬೇಕು ಎಂಬ ಹಟ ಅವರದು. ಲಂಡನ್‌ನಲ್ಲಿ ಎಪ್ಪತ್ತರ ದಶಕದಲ್ಲಿ ಟ್ರೆವರ್ ಪಿನ್ನಾಕ್, ಕ್ರಿಸ್ಟಫರ್ ಹಾಗ್‌ವುಡ್ ಇದೇ ದಾರಿ ಹಿಡಿದರು. ಅದು ಶುಚಿಯಾಗಿತ್ತು, ಚುರುಕಾಗಿತ್ತು, ಸ್ವಲ್ಪ ಇಸ್ತ್ರಿ ಹಾಕಿದಂತೆಯೂ ಇತ್ತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಇಟಲಿಯವರೇ ಎದ್ದು ಬಂದರು: 1985ರಲ್ಲಿ ಜಾರ್ದೀನೊ ಆರ್ಮೋನಿಕೊ, 1990ರಲ್ಲಿ ಫಾಬಿಯೊ ಬಿಯೋಂಡಿಯವರ ‘ಯೂರೋಪಾ ಗಲಾಂತೆ’, 1997ರಲ್ಲಿ ಆಂಡ್ರೆಯಾ ಮಾರ್ಕೋನ್ ಕಟ್ಟಿದ ‘ವೆನಿಸ್ ಬರೋಕ್ ಆರ್ಕೆಸ್ಟ್ರಾ’. ನಾಯಿಗೆ ಬಾಯಿ ಬಂದದ್ದು ಇವರಿಂದ.

ಹಳೆಯ ಕಮಾನು ಎಂದರೆ ಏನೋ ಶೋಕಿ ಎಂದುಕೊಳ್ಳಬೇಡಿ. ಈಗಿನ ಕಮಾನಿನ ಕೋಲು ಕೂದಲಿನ ಕಡೆಗೆ ಒಳಬಾಗಿರುತ್ತದೆ. ಆಗಿನದು ಬಿಲ್ಲಿನಂತೆ ಹೊರಬಾಗಿದ್ದು, ಗಿಡ್ಡ ಮತ್ತು ಹಗುರ. ಎಳೆದ ಪ್ರತಿ ಎಳೆತವೂ ತುದಿಗೆ ಬರುವಾಗ ತಾನಾಗಿ ಕ್ಷೀಣಿಸುತ್ತದೆ, ಹೀಗಾಗಿ ಸಂಗೀತ ಹಾಡುವುದಕ್ಕಿಂತ ಮಾತಾಡುವಂತೆ ಕೇಳಿಸುತ್ತದೆ. ತಂತಿಗಳು ಉಕ್ಕಿನವಲ್ಲ, ಕುರಿಯ ಕರುಳಿನವು. ಗದ್ದದ ಕೆಳಗಿನ ಆಸರೆಯೂ ಇರುವುದಿಲ್ಲ. ಅದು ಬಂದದ್ದೇ 1820ರ ಸುಮಾರಿಗೆ. (ನಾವು ಕೆಳಗೆ ಕುಳಿತು ವಾದ್ಯದ ತುದಿಯನ್ನು ಪಾದಕ್ಕೆ ಆನಿಸಿಕೊಂಡು ಆ ತಾಪತ್ರಯದಿಂದ ಪಾರಾದೆವು.) ಇಂಥ ಅನೇಕ ತಂಡಗಳು ಶ್ರುತಿಗೆ ಆಧಾರವಾದ ‘ಎ’ ಸ್ವರವನ್ನು 440ರ ಬದಲು 415 ಹರ್ಟ್ಸ್‌ಗೆ, ಅಂದರೆ ಅರ್ಧ ಮನೆ ಕೆಳಗೆ ಶ್ರುತಿ ಮಾಡುತ್ತವೆ. ಹಳೆಯ ವೆನಿಸ್‌ನ ಶ್ರುತಿ ಏರಾಗಿತ್ತು ಎಂದು ಇಟಲಿಯ ಕೆಲವರು ವಿವಾಲ್ಡಿಯನ್ನು 440ಕ್ಕೇ ನುಡಿಸುವುದೂ ಉಂಟು.

ಕರುಳಿನ ತಂತಿಯ ಗುಣ ನನಗೆ ಅರ್ಥವಾದದ್ದು ಒಂದು ಜನವರಿ ರಾತ್ರಿ. ಹೊರಗೆ ಹಿಮ, ಒಳಗೆ ಹೀಟರ್, ಮುನ್ನೂರು ಜನರ ಉಸಿರು. ಮೊದಲ ಭಾಗ ಮುಗಿದಾಗಲೇ ಎಲ್ಲರೂ ಬಿರಡೆ ತಿರುಗಿಸುತ್ತಿದ್ದರು. ಎರಡನೆಯ ಕಂಚೆರ್ಟೊದ ನಡುವೆ ಮುಖ್ಯ ವಾದಕಿಯ ಮೇಲಿನ ತಂತಿ ‘ಫಟ್’ ಎಂದಿತು. ಆಕೆ ನಗುತ್ತಾ ಒಳಗೆ ನಡೆದರು. ಮಾತಿಲ್ಲ, ಕತೆಯಿಲ್ಲ, ತಿಯೋರ್ಬೊ ಹಿಡಿದು ಕುಳಿತಿದ್ದವರು (ಲ್ಯೂಟ್ ಜಾತಿಯ ವಾದ್ಯ, ಉದ್ದ ಕತ್ತು ಸೇರಿ ಹೆಚ್ಚುಕಡಿಮೆ ಮನುಷ್ಯನಷ್ಟು ಎತ್ತರ) ತಮ್ಮಷ್ಟಕ್ಕೆ ಮೀಟತೊಡಗಿದರು. ಚೆಲ್ಲೊದವರು ಮೆಲ್ಲಗೆ ಸೇರಿಕೊಂಡರು. ಆರೇಳು ನಿಮಿಷ ಹಾಗೇ ನಡೆಯಿತು. ಆಕೆ ಹೊಸ ತಂತಿ ಕಟ್ಟಿಕೊಂಡು ಬಂದು ನಿಂತಾಗ ಇವರು ಒಂದು ನಯವಾದ ತಿರುವು ಹಾಕಿ ಕೃತಿಯ ಶ್ರುತಿಗೆ ತಂದು ಬಿಟ್ಟರು. ಇದು ಕಾಗದ ನೋಡಿ ನುಡಿಸುವವರ ಸಂಗೀತ ಎಂಬ ನನ್ನ ಎಣಿಕೆ ಅಂದೇ ಹೋಯಿತು.

ಏಕೆಂದರೆ ಕಾಗದದ ಮೇಲಿರುವುದು ಅಸ್ಥಿಪಂಜರ ಮಾತ್ರ. ಹಾರ್ಪ್ಸಿಕಾರ್ಡ್, ತಿಯೋರ್ಬೊದವರಿಗೆ ಕೊಡುವುದು ಒಂದು ಮಂದ್ರದ ಸಾಲು, ಅದರ ಕೆಳಗೋ ಮೇಲೋ ಕೆಲವು ಅಂಕಿ. ಉಳಿದದ್ದನ್ನು ಅವರು ಸ್ಥಳದಲ್ಲೇ ಕಟ್ಟಬೇಕು, ನಮ್ಮ ಪಕ್ಕವಾದ್ಯದವರ ಹಾಗೆ. ನಿಧಾನಗತಿಯ ಭಾಗಗಳಲ್ಲಿ ಪಿಟೀಲಿನ ಸಾಲೂ ಎಷ್ಟೋ ಸಲ ಬೋಳಾಗಿರುತ್ತದೆ. ಸಂಗತಿ ಹಾಕುವುದು ವಾದಕರ ಜವಾಬ್ದಾರಿ. ಆದ್ದರಿಂದಲೇ ನಾನು ತಂಡವೊಂದರ ಯೋಗ್ಯತೆಯನ್ನು ವೇಗದ ಭಾಗಗಳಿಂದ ಅಳೆಯುವುದಿಲ್ಲ. ‘ಬೇಸಿಗೆ’ಯ ಬಿರುಗಾಳಿಯನ್ನು ಬೆರಳು ಚುರುಕಿರುವ ಯಾರೂ ಬೀಸಿಸಬಲ್ಲರು. ನಡುವಿನ ಭಾಗದಲ್ಲಿ ಏನು ಮಾಡುತ್ತಾರೆ ನೋಡಿ.

ವೇಗದ ಭಾಗಗಳ ಕಟ್ಟಡ ನಿಮಗೆ ಕೂಡಲೇ ಹಿಡಿಯುತ್ತದೆ. ಇಡೀ ತಂಡ ಒಂದು ಪಲ್ಲವಿಯನ್ನು ಎತ್ತಿಕೊಳ್ಳುತ್ತದೆ, ಮುಖ್ಯ ಪಿಟೀಲು ಚರಣದಂತೆ ತನ್ನ ಮಾತು ಹೇಳುತ್ತದೆ, ಪಲ್ಲವಿ ಮರಳುತ್ತದೆ. ತೊಂದರೆ ಇರುವುದು ಒಂದೇ ಕಡೆ: ಪಲ್ಲವಿ ಮರಳುವಾಗ ಆಧಾರ ಷಡ್ಜವೇ ಬೇರೆ ಮನೆಗೆ ಹೋಗಿರುತ್ತದೆ. ತಂಬೂರಿಯ ಮೇಲೆ ಬೆಳೆದ ಕಿವಿ ಇಲ್ಲಿ ಮುಗ್ಗರಿಸುತ್ತದೆ. ಮೈಸೂರಿಗೆ ಬಂದಾಗ ನನ್ನ ಮೇಷ್ಟರಿಗೆ ಒಂದು ಕಂಚೆರ್ಟೊ ಕೇಳಿಸಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ನಡುವೆ ಕಣ್ಣು ತೆರೆದು, “ಇವರು ಮನೆ ಖಾಲಿ ಮಾಡಿದರಲ್ಲಪ್ಪ, ವಾಪಸು ಬರುತ್ತಾರೆಯೇ?” ಎಂದರು. ಬರುತ್ತಾರೆ ಸಾರ್, ಎಂದೆ. ಕೊನೆಯಲ್ಲಿ ಮೂಲ ಷಡ್ಜಕ್ಕೆ ಬಂದು ನಿಂತಾಗ ತಲೆದೂಗಿದರು. ಆ ಹೋಗಿ ಬರುವ ಪ್ರಯಾಣವೇ ಇಲ್ಲಿನ ಸುಖ. ರಾಗವನ್ನು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಇನ್ನು ಏನು ಕೇಳುವುದು ಎಂಬುದಕ್ಕೆ. ವಿವಾಲ್ಡಿ ಒಂದೇ ಕಂಚೆರ್ಟೊವನ್ನು ಐನೂರು ಸಲ ಬರೆದ ಎಂಬ ಹಳೆಯ ಕುಹಕ ಒಂದಿದೆ; ಅದನ್ನು ಮರೆಯಲು ಆರ್‌ವಿ 208ರಿಂದ (ಆರ್‌ವಿ ಎಂದರೆ ವಿವಾಲ್ಡಿಯ ಕೃತಿಪಟ್ಟಿಯ ಸಂಖ್ಯೆ) ಶುರುಮಾಡಿ. ಹೆಸರು ‘ಗ್ರೋಸ್ಸೊ ಮೊಗುಲ್’, ಅಂದರೆ ಮಹಾ ಮೊಗಲ. ಮೊಗಲ ದರ್ಬಾರಿನ ಸಂಗೀತ ಇದರಲ್ಲಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಎರಡನೆಯ ಭಾಗದಲ್ಲಿ ತಂಡವೆಲ್ಲ ಸುಮ್ಮನಾಗಿ, ತಳದ ವಾದ್ಯಗಳ ಆಸರೆಯಲ್ಲಿ ಪಿಟೀಲೊಂದೇ ತಾಳದ ಹಂಗಿಲ್ಲದಂತೆ ತೇಲುತ್ತದೆ. ಆಲಾಪನೆ ಕೇಳಿ ಬೆಳೆದ ನಿಮಗೆ ಅದನ್ನು ವಿವರಿಸಬೇಕಾಗಿಲ್ಲ. ವಿವಾಲ್ಡಿಯ ಸಮಕಾಲೀನ, ಜರ್ಮನಿಯ ಸಂಯೋಜಕ ಬಾಖ್ ಇದನ್ನು ಆರ್ಗನ್‌ಗೆ ಇಳಿಸಿಕೊಂಡ.

ಬಾಖ್‌ಗೆ ವಿವಾಲ್ಡಿಯ ಮೇಲೆ ಅಷ್ಟು ಕಣ್ಣಿತ್ತು. 1711ರಲ್ಲಿ ಅಚ್ಚಾದ ಓಪಸ್ 3ರಲ್ಲಿ ನಾಲ್ಕು ಪಿಟೀಲುಗಳಿಗೆ ಬರೆದ ಹತ್ತನೆಯ ಕಂಚೆರ್ಟೊವನ್ನು ಅವನು ನಾಲ್ಕು ಹಾರ್ಪ್ಸಿಕಾರ್ಡ್‌ಗಳಿಗೆ ಮಾಡಿಕೊಂಡಿದ್ದಾನೆ. ಎರಡನ್ನೂ ಬೆನ್ನಿಗೆ ಬೆನ್ನಿಗೆ ಕೇಳಿ. ಆಮೇಲೆ ಬಾಖ್‌ನದೇ ಎರಡು ಪಿಟೀಲುಗಳ ಕಂಚೆರ್ಟೊ, ಅವನ ಕೃತಿಪಟ್ಟಿಯಲ್ಲಿ ಬಿಡಬ್ಲ್ಯುವಿ 1043. ಅದರ ನಡುವಿನ ಭಾಗದಲ್ಲಿ ಒಬ್ಬರು ಬಿಟ್ಟ ಎಳೆಯನ್ನು ಇನ್ನೊಬ್ಬರು ಎತ್ತಿಕೊಳ್ಳುವ ಬಗೆ ಇದೆಯಲ್ಲ, ಅದರ ಬಗ್ಗೆ ನಾನು ಬರೆಯಲಾರೆ. ಪಿಟೀಲು ವಾದಕಿ ರೇಚಲ್ ಪಾಜರ್ ತಮ್ಮ ‘ಬ್ರೆಕನ್ ಬರೋಕ್’ ಜೊತೆ ಬಾಖ್‌ನನ್ನು ಒಂದೊಂದು ಸಾಲಿಗೆ ಒಬ್ಬೊಬ್ಬರನ್ನೇ ಇಟ್ಟು, ಮನೆಯಂಗಳದಲ್ಲಿ ಕುಳಿತಂತೆ ನುಡಿಸುತ್ತಾರೆ. ಇಸಬೆಲ್ ಫೌಸ್ಟ್ ಮತ್ತು ಬರ್ಲಿನ್‌ನ ‘ಅಕಾಡೆಮಿ ಫ್ಯೂರ್ ಆಲ್ಟೆ ಮ್ಯೂಸಿಕ್’ನವರದ್ದು ಇನ್ನೂ ಬಿಗಿ. ಪಾಜರ್ ಪೋಲೆಂಡ್‌ನ ‘ಆರ್ತೆ ದೇಯಿ ಸುವೊನಾತೋರಿ’ ಜೊತೆ ವಿವಾಲ್ಡಿಯ ಓಪಸ್ 4, ‘ಲಾ ಸ್ತ್ರಾವಗಾನ್ಸಾ’ ಪೂರ್ತಿ ನುಡಿಸಿದ್ದಾರೆ. ಒಂದೇ ಒಂದು ಆಲ್ಬಮ್ ಎಂದು ನೀವು ಒತ್ತಾಯಿಸಿದರೆ ನಾನು ಅದನ್ನು ಕೊಡುತ್ತೇನೆ. ವಿವಾಲ್ಡಿಯ ಕೊನೆಗಾಲದ ಕಂಚೆರ್ಟೊಗಳಿಗೆ ಜೂಲಿಯಾನೊ ಕಾರ್ಮಿನ್ಯೋಲಾ ಮತ್ತು ವೆನಿಸ್ ಬರೋಕ್. ಇಟಲಿಯ ಇನ್ನೊಬ್ಬ ಸಂಯೋಜಕ ಲೊಕಾಟೆಲ್ಲಿಯ 1733ರ ‘ಪಿಟೀಲಿನ ಕಲೆ’ ಸಂಪುಟಕ್ಕೆ ಈಗಲೇ ಕೈಹಾಕಬೇಡಿ: ಹನ್ನೆರಡು ಕಂಚೆರ್ಟೊ, ನಡುನಡುವೆ ಒಂಟಿ ಪಿಟೀಲಿನ ಇಪ್ಪತ್ನಾಲ್ಕು ಸರ್ಕಸ್.

ಕೊನೆಗೆ ವೆನಿಸ್. ಕಾಲುವೆದಂಡೆಯಲ್ಲಿ ‘ವಿವಾಲ್ಡಿಯ ಚರ್ಚ್’ ಎಂದು ತೋರಿಸುವ ಪಿಯೆಟಾ ಚರ್ಚು ಚೆನ್ನಾಗಿದೆ, ಆದರೆ ಅದರ ಕಟ್ಟಡ ಶುರುವಾದದ್ದೇ 1745ರಲ್ಲಿ, ಅವನು ಸತ್ತ ಮೇಲೆ. ಅವನು 1703ರಿಂದ ಅನಾಥ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಿದ ಪಿಯೆಟಾ ಸಂಸ್ಥೆ ಇದ್ದದ್ದು ಮಾತ್ರ ಅಲ್ಲಿಯೇ. ರಸ್ತೆಯಲ್ಲಿ ಬಿಳಿ ಟೋಪನ್ ಹಾಕಿ, ಜರತಾರಿ ಕೋಟು ತೊಟ್ಟು ಕರಪತ್ರ ಹಂಚುವವರು ಸಿಗುತ್ತಾರೆ. ಅಂಥದ್ದೊಂದಕ್ಕೆ ನಾನು ಹೋಗಿ, ಉಕ್ಕಿನ ತಂತಿಯ ಮೇಲೆ ನಲವತ್ತು ನಿಮಿಷದಲ್ಲಿ ನಾಲ್ಕು ಋತು ಮುಗಿಸಿಕೊಂಡು ಬಂದಿದ್ದೇನೆ. ನಾಯಿ ಬೊಗಳಲೇ ಇಲ್ಲ. ನೀವು ವೇಷ ನೋಡಬೇಡಿ, ಪಟ್ಟಿ ನೋಡಿ: ‘ನಾಲ್ಕು ಋತುಗಳ’ ಜೊತೆ ಹೆಸರಿಲ್ಲದ ಬರೀ ಸಂಖ್ಯೆಯ ಕಂಚೆರ್ಟೊ ಒಂದೆರಡಿದ್ದು, ವಾದಕರ ಸಾಲಿನಲ್ಲಿ ತಿಯೋರ್ಬೊ ಇದ್ದರೆ ಟಿಕೆಟ್ ಕೊಳ್ಳಿ. ಮುಂದಿನ ಬೆಂಚು ಹಿಡಿಯಿರಿ, ಕರುಳಿನ ತಂತಿಯ ಸದ್ದು ಹಿಂದಿನವರಿಗೆ ಸಾಲುವುದಿಲ್ಲ. ಸ್ವೆಟರ್ ಮರೆಯಬೇಡಿ.