ಕೇರ್ ಹೋಮಿನಲ್ಲಿ ಮೊದಲ ಸಾವುಗಳನ್ನು ಕಂಡ ತಂಗಿಗೆ

ತಂಗಿ,

ನಿನ್ನ ಪತ್ರ ನನಗೆ ಸಿಕ್ಕಿದ್ದು ಅರಕಲಗೂಡಿನ ಹತ್ತಿರದ ನಮ್ಮ ಊರಿನಲ್ಲಿ; ಅಮ್ಮನ ವರ್ಷದ ತಿಥಿಗೆಂದು ಹದಿನೈದು ದಿನಗಳ ರಜೆ ಹಾಕಿ ಬಂದಿದ್ದೇನೆ. ಹಾಸನದಲ್ಲಿ ನರ್ಸಿಂಗ್ ಓದಿ ಹಿರಿಯರನ್ನು ನೋಡಿಕೊಳ್ಳುವ ಇಂಗ್ಲೆಂಡಿನ ಕೇರ್ ಹೋಮಿಗೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ, ಅಷ್ಟರಲ್ಲೇ ಮೂವರು ಹಿರಿಯರ ಸಾವನ್ನು ಕಂಡೆ ಎಂದು ಬರೆದಿದ್ದೀಯೆ. ಬದುಕಿರುವವರ ಎದುರಿಗೇ ಅವರ ಸಾವಿನ ಬಗ್ಗೆ ಕೇಳಿ ಬರೆದುಕೊಳ್ಳುವ ಇವರು ಕಲ್ಲುಮನಸ್ಸಿನವರೇ, ಇಂಥ ಕಡೆ ನಾನು ಬಾಳಬಲ್ಲೆನೇ ಎಂದು ಕೇಳಿದ್ದೀಯೆ. ನಾನು ಅಲ್ಲಿಗೆ ಹೋಗಿ ಇಪ್ಪತ್ತೊಂದು ವರ್ಷಗಳಾದವು, ಅಷ್ಟೂ ವರ್ಷ ಮಾಡಿದ್ದು ಇದೇ ಕೆಲಸ. ಅಕ್ಕ ಎಂದು ಕರೆದು ಕೇಳಿದ್ದರಿಂದ ತಂಗಿಗೆ ಹೇಳುವಂತೆಯೇ ಹೇಳುತ್ತೇನೆ.

ಹಾಸನದಲ್ಲಿ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಆಪರೇಷನ್ನಿಗೋ ಹೋಗಿ ವಾಸಿಯಾಗಿ ಮನೆಗೆ ಮರಳುವ ಖಾಸಗಿ ಆಸ್ಪತ್ರೆ. ಅಲ್ಲಿ ಅದೇ ಹೆಸರಿನದು ಹಗಲೂ ರಾತ್ರಿಯೂ ನರ್ಸ್ ಇರುವ ಹಿರಿಯರ ಮನೆ, ಬಂದವರಲ್ಲಿ ಹೆಚ್ಚಿನವರಿಗೆ ಅದೇ ಕೊನೆಯ ಮನೆ. ವಾರ್ಡಿನಲ್ಲಿ ಕಲಿತು ಬಂದ ನಮಗೆ ಸಾವೆಂದರೆ ನಮ್ಮ ಸೋಲು ಎಂದು ಮನಸ್ಸಿಗೆ ರೂಢಿಯಾಗಿರುತ್ತದೆ. ಆದರೆ ಅಲ್ಲಿ ನಮ್ಮ ಕೈಯಲ್ಲಿರುವುದು ಆ ಸಾವು ನೋವಿಲ್ಲದೆ, ಒಂಟಿತನವಿಲ್ಲದೆ, ಆ ವ್ಯಕ್ತಿ ಬಯಸಿದ ರೀತಿಯಲ್ಲಿ ಆಗುವಂತೆ ನೋಡಿಕೊಳ್ಳುವುದು.

ನಿನಗೆ ಕಠಿಣವೆನಿಸಿದ ಪ್ರಶ್ನೆಗಳೇ ಈ ಆರೈಕೆಯ ಬುಡ. ಕಾಯಿಲೆ ಉಲ್ಬಣಿಸಿದರೆ ಆಸ್ಪತ್ರೆಗೆ ಸೇರಿಸಬೇಕೋ ಇಲ್ಲೇ ಇರಬೇಕೋ, ನಡುರಾತ್ರಿಯಲ್ಲಿ ಯಾರಿಗೆ ಫೋನ್ ಮಾಡಬೇಕು, ಪಾದ್ರಿ ಬೇಕೋ ಬೇಡವೋ ಎಂಬುದನ್ನೆಲ್ಲ ಮಾತಾಡುವ ಶಕ್ತಿ ಇರುವಾಗಲೇ ಕೇಳಿಡುತ್ತಾರೆ. ಅಲ್ಲಿನ 2005ರ ಮೆಂಟಲ್ ಕೆಪಾಸಿಟಿ ಕಾಯ್ದೆಯ ಪ್ರಕಾರ, ನಿರ್ಧರಿಸುವ ಶಕ್ತಿ ಇರುವವರೆಗೆ ಚಿಕಿತ್ಸೆ ಬೇಡವೆನ್ನುವ ಹಕ್ಕು ಆ ಹಿರಿಯರದೇ. ಫೈಲಿನಲ್ಲಿರುವ ಡಿಎನ್‌ಎಸಿಪಿಆರ್ ಕಾಗದವನ್ನು ನೋಡಿ ಹೆದರಬೇಡ. ಹೃದಯ ನಿಂತರೆ ಎದೆ ಒತ್ತಿ ಮತ್ತೆ ಎಬ್ಬಿಸುವ ಪ್ರಯತ್ನ ಬೇಡ ಎಂಬುದಷ್ಟೇ ಅದರ ಅರ್ಥ. ಊಟ, ನೀರು, ನೋವಿನ ಮದ್ದು, ಸೋಂಕಿಗೆ ಆಂಟಿಬಯೋಟಿಕ್, ಯಾವುದನ್ನೂ ಅದು ತಡೆಯುವುದಿಲ್ಲ. ಇದನ್ನು ತಪ್ಪು ತಿಳಿದವರು ಮನೆಯವರಲ್ಲಿ ಮಾತ್ರವಲ್ಲ, ನಮ್ಮ ಸಿಬ್ಬಂದಿಯಲ್ಲೂ ಇದ್ದಾರೆ. ನಾನು ನೋಡಿಕೊಂಡ ಹಿರಿಯರೊಬ್ಬರು ದನ ಸಾಕಿ ಬದುಕಿದವರು. ಕೊನೆಯಲ್ಲಿ ಏನು ಬೇಕೆಂದು ಕೇಳಿದಾಗ, ಮಂಚವನ್ನು ಕಿಟಕಿಯ ಕಡೆ ತಿರುಗಿಸಿ, ಆಚೆ ಹೊಲದ ಹಸುಗಳು ಕಾಣಲಿ ಎಂದರು. ಚಳಿಗಾಲದಲ್ಲಿ ಆಡಿದ ಆ ಮಾತು ಕಾಗದದಲ್ಲಿದ್ದುದರಿಂದಲೇ, ಜೂನ್ ತಿಂಗಳಲ್ಲಿ ಅವರ ಮಾತು ನಿಂತ ಮೇಲೆ ನಾವು ಮಂಚ ತಿರುಗಿಸಿದೆವು.

ಇದನ್ನು ಇಷ್ಟು ಒತ್ತಿ ಹೇಳಲು ನನ್ನ ಅಮ್ಮನೇ ಕಾರಣ. ಕಳೆದ ವರ್ಷ ಅವರಿಗೆ ಉಸಿರು ಕಟ್ಟಿದಾಗ ತಮ್ಮ ಗಾಬರಿಯಾಗಿ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿಸಿದ. ಹನ್ನೊಂದು ದಿನ ಐಸಿಯುವಿನಲ್ಲಿ ವೆಂಟಿಲೇಟರ್ ಹಾಕಿದ್ದರು. ಅಮ್ಮನಿಗೆ ಏನು ಇಷ್ಟವಿತ್ತು ಎಂದು ಅಲ್ಲಿ ಯಾರೂ ಕೇಳಲಿಲ್ಲ, ಕೇಳಿದ್ದರೂ ನಮ್ಮಲ್ಲಿ ಉತ್ತರವಿರಲಿಲ್ಲ. ಇಪ್ಪತ್ತು ವರ್ಷ ಪರರ ತಾಯಂದಿರನ್ನು ಕೇಳಿದ ನಾನು ನನ್ನ ತಾಯಿಯನ್ನು ಕೇಳಿರಲಿಲ್ಲ. ರಜೆಗೆ ಬಂದಾಗಲೆಲ್ಲ ಮಾತು ನಾಲಿಗೆಯವರೆಗೆ ಬಂದರೂ, ‘ಬಿಡ್ತು ಅನ್ನು’ ಎಂದು ಅಮ್ಮ ಗದರಿಸಿಯಾರೆಂದು ಸುಮ್ಮನಾಗುತ್ತಿದ್ದೆ. ನಮ್ಮಲ್ಲೂ ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು, ಇಂಥ ಇಚ್ಛೆಯನ್ನು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಒಪ್ಪಿತು. 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಆದರೆ ಪಡಸಾಲೆಯಲ್ಲಿ ಕುಳಿತು ಆ ಮಾತು ತೆಗೆಯುವವರೂ ಬೇಕಲ್ಲ.

ಹಾಗೆಂದು ಕಾಗದ ತುಂಬಿದರೆ ಸಾಕು ಎಂದೂ ತಿಳಿಯಬೇಡ. ಅಲ್ಲಿ ಲಿವರ್‌ಪೂಲ್ ಕೇರ್ ಪಾಥ್‌ವೇ ಎಂಬ ಕ್ರಮವೊಂದಿತ್ತು; ಸಾವಿನ ಹತ್ತಿರ ಇರುವವರನ್ನು ನೋಡಿಕೊಳ್ಳುವ ಹಾಸ್ಪೈಸ್‌ಗಳ ಒಳ್ಳೆಯ ಆರೈಕೆಯನ್ನು ಆಸ್ಪತ್ರೆಗಳಿಗೂ ತರುವ ಉದ್ದೇಶದ್ದು. ಅನೇಕ ಕಡೆ ಅದು ಬರೀ ಟಿಕ್ ಹಾಕುವ ಪಟ್ಟಿಯಾಗಿ, ಮನೆಯವರಿಗೆ ತಿಳಿಸದೆಯೇ ಬಳಕೆಯಾಗಿದ್ದರಿಂದ, 2013ರ ಪರಿಶೀಲನೆಯ ನಂತರ 2014ರಲ್ಲಿ ಅದನ್ನು ಕೈಬಿಟ್ಟರು. ಫಾರಂ ಹಿಡಿಯುವ ಮೊದಲು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತುಕೋ.

ಕೊನೆಯ ದಿನಗಳು ಹತ್ತಿರವಾದಾಗ ವೈದ್ಯರು ಚುಚ್ಚುಮದ್ದುಗಳನ್ನು ಮೊದಲೇ ಬರೆದಿಟ್ಟಿರುತ್ತಾರೆ: ನೋವಿಗೆ ಮಾರ್ಫಿನ್, ಚಡಪಡಿಕೆಗೆ ಮಿಡಜೋಲಾಮ್, ವಾಕರಿಕೆಗೊಂದು, ಗಂಟಲಿನ ಗೊರಗೊರ ಸದ್ದಿಗೊಂದು. ನುಂಗಲಾಗದವರಿಗೆ ಸಿರಿಂಜ್ ಡ್ರೈವರ್ ಎಂಬ ಪುಟ್ಟ ಯಂತ್ರ ಇಪ್ಪತ್ತನಾಲ್ಕು ಗಂಟೆಗಳ ಮದ್ದನ್ನು ಚರ್ಮದ ಕೆಳಗೆ ನಿಧಾನವಾಗಿ ಬಿಡುತ್ತದೆ. ಅದರ ತರಬೇತಿಯನ್ನು ನೀನೇ ಕೇಳಿ ಪಡೆದುಕೋ. ಊಟ ಬಿಟ್ಟಾಗ, ನಮ್ಮಮ್ಮನನ್ನು ಉಪವಾಸ ಕೆಡವಿದ್ದೀರಿ ಎಂದು ಮಗಳು ಅಳುತ್ತಾಳೆ. ಸಾವು ಹತ್ತಿರವಾದಂತೆ ದೇಹಕ್ಕೆ ಹಸಿವು ಇಂಗುತ್ತದೆ ಎಂದು ಮೆಲ್ಲಗೆ ತಿಳಿಸಿ, ಮೃದುವಾದ ಸಣ್ಣ ಟೂತ್‌ಬ್ರಷ್ ಒಂದನ್ನು ನೀರಿನಲ್ಲಿ ಅದ್ದಿ ಅವಳ ಕೈಗೆ ಕೊಡು. ಅವಳೇ ತಾಯಿಯ ತುಟಿ, ನಾಲಿಗೆಗಳನ್ನು ತೇವ ಮಾಡಲಿ. ಬಾಯಿಗೆ ತುಳಸಿ ನೀರು ಬಿಡುವುದನ್ನು ಕಂಡು ಬೆಳೆದ ನಿನಗೆ ಅದರ ಬೆಲೆಯನ್ನು ಹೇಳಬೇಕಿಲ್ಲ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸನ್ನು ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವು ದೇಹದ್ದಷ್ಟೇ ಅಲ್ಲ, ಮನಸ್ಸಿನದು, ಸಂಬಂಧಗಳದು, ನಂಬಿಕೆಯದು ಕೂಡ ಎಂದು ಕಲಿಸಿದರು. ಅವರು ವೈದ್ಯೆಯಾಗುವ ಮೊದಲು ನಮ್ಮಂತೆಯೇ ನರ್ಸ್ ಆಗಿದ್ದವರು.

ಉಸಿರು ನಿಂತ ಮೇಲೆ ಅಲ್ಲಿನ ಹಳೆಯ ನರ್ಸ್‌ಗಳು ಕಿಟಕಿಯನ್ನು ತೆರೆಯುತ್ತಾರೆ. ನಾವು ತಲೆದೆಸೆಯಲ್ಲಿ ದೀಪ ಹಚ್ಚಿದಂತೆ. ಆಮೇಲೆ ಅವಸರ ಮಾಡಬೇಡ. ನಾನು ಮೊದಲು ಕೆಲಸ ಮಾಡಿದ ಮನೆಯಲ್ಲಿ ಉಳಿದವರ ಬಾಗಿಲುಗಳನ್ನೆಲ್ಲ ಮುಚ್ಚಿ, ಅಡುಗೆಮನೆಯ ಹಿಂಬಾಗಿಲಿನಿಂದ ಶವವನ್ನು ಸಾಗಿಸುತ್ತಿದ್ದರು. ಮನೆಯವರಿಗೆ ಬಟ್ಟೆಬರೆಗಳನ್ನು ಕಪ್ಪು ಕಸದ ಚೀಲದಲ್ಲಿ ತುಂಬಿ ಕೊಡುತ್ತಿದ್ದರು. ಆ ಚೀಲ ಹಿಡಿದು ಮಳೆಯಲ್ಲಿ ಕಾರಿನ ಕಡೆಗೆ ನಡೆದ ಹೆಂಗಸಿನ ಬೆನ್ನು ನನಗೆ ಇಂದಿಗೂ ಕಾಣುತ್ತದೆ. ಈಗ ನಾನಿರುವಲ್ಲಿ ಮುಂಬಾಗಿಲಿನಿಂದಲೇ ಕಳುಹಿಸುತ್ತೇವೆ, ಕೆಲಸದವರು ಎರಡು ಸಾಲಾಗಿ ನಿಲ್ಲುತ್ತಾರೆ, ಬರಲು ಬಯಸುವ ಹಿರಿಯರೂ ಬಂದು ನಿಲ್ಲುತ್ತಾರೆ. ನಾವು ಬಚ್ಚಿಟ್ಟರೂ ಊಟದ ಮೇಜಿನ ಖಾಲಿ ಕುರ್ಚಿ ಅವರಿಗೆ ಕಾಣದೆ ಹೋಗುತ್ತದೆಯೇ? ಪಕ್ಕದಲ್ಲಿ ಕುಳಿತು ಉಣ್ಣುತ್ತಿದ್ದವರಿಗೆ ಅದೇ ದಿನ ನೇರವಾಗಿ, ಮೃದುವಾಗಿ ಹೇಳಿಬಿಡು. ಆದರೆ ಮರೆವಿನ ಕಾಯಿಲೆಯ ಹೆಂಗಸು ತನ್ನ ಗಂಡ ಎಲ್ಲಿ ಎಂದು ದಿನಕ್ಕೆ ಹತ್ತು ಸಲ ಕೇಳಿದರೆ, ಹತ್ತು ಸಲವೂ ಅವರು ತೀರಿಕೊಂಡರು ಎನ್ನಬೇಡ. ಅವರಿಗೆ ಪ್ರತಿ ಸಲವೂ ಅದು ಹೊಸ ಸುದ್ದಿ. ಅವರ ನೆನಪಾಯಿತೇ, ಅವರು ಹೇಗಿದ್ದರು ಎಂದು ಕೈ ಹಿಡಿದು ಕೇಳು.

ನಮ್ಮಲ್ಲಿ ಬೆಳಗ್ಗೆ ಹೋದವರ ಮಣ್ಣು ಸಂಜೆಯೊಳಗೆ ಆಗಿರುತ್ತದೆ. ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರು ಊಟ ತರುತ್ತಾರೆ, ಮೂರನೆಯ ದಿನ ಹಾಲುತುಪ್ಪ, ಹನ್ನೊಂದಕ್ಕೆ ತಿಥಿ, ಅಷ್ಟೂ ದಿನ ಮಾತಾಡಿಸಲು ಬರುವ ಜನ. ಅಲ್ಲಿ 2024ರ ಸೆಪ್ಟೆಂಬರ್ 9ರಿಂದ, ಅಸಹಜ ಸಾವುಗಳನ್ನು ವಿಚಾರಿಸುವ ಕರೋನರ್ ಎಂಬ ಅಧಿಕಾರಿಯ ಬಳಿಗೆ ಹೋಗದ ಪ್ರತಿ ಸಾವಿನ ಕಾರಣವನ್ನೂ ಮೆಡಿಕಲ್ ಎಕ್ಸಾಮಿನರ್ ಎಂಬ ಹಿರಿಯ ವೈದ್ಯರು ಪರಿಶೀಲಿಸಬೇಕು, ನಂತರ ನೋಂದಣಿ, ಆಮೇಲೆ ಚಿತಾಗಾರದ ದಿನಾಂಕ. ಎರಡು ಮೂರು ವಾರ ಸಹಜವಾಗಿ ಕಳೆಯುತ್ತವೆ. ವರ್ಷಗಟ್ಟಲೆ ದಿನವೂ ಬರುತ್ತಿದ್ದ ಮಗನಿಗೆ ತಾಯಿಯ ಜೊತೆಗೆ ನಮ್ಮ ಮನೆಯೂ, ನಮ್ಮ ಮುಖಗಳೂ ಒಂದೇ ದಿನ ತಪ್ಪಿಹೋಗುತ್ತವೆ. ಆದ್ದರಿಂದ ಕಾರ್ಡ್ ಕಳುಹಿಸಿ ಮುಗಿಸಬೇಡ, ತಿಂಗಳಾದ ಮೇಲೆ ಒಮ್ಮೆ ಫೋನ್ ಮಾಡು. ಬಂದು ಚಹಾ ಕುಡಿದು ಹೋಗಿ ಎನ್ನು. ದುಃಖ ತೀರಾ ಆಳವಾಗಿದ್ದರೆ 1959ರಿಂದ ತಮ್ಮವರನ್ನು ಕಳೆದುಕೊಂಡವರಿಗೆ ನೆರವಾಗುತ್ತಿರುವ ಕ್ರೂಸ್ ಎಂಬ ಸಂಸ್ಥೆಯ ವಿಷಯ ತಿಳಿಸು.

ಸಹೋದ್ಯೋಗಿಗಳು ಚಹಾ ಕುಡಿದು ಮತ್ತೆ ಕೆಲಸಕ್ಕೆ ಹೋದರು ಎಂದು ಬರೆದಿದ್ದೀಯೆ. ಅವರಲ್ಲಿ ಕೆಲವರು ಹಾಸು ಹೊದಿಕೆಗಳನ್ನಿಡುವ ಲಿನಿನ್ ಕೋಣೆಯಲ್ಲಿ ನಿಂತು ಅತ್ತು ಬಂದಿರುತ್ತಾರೆ. ನಾನೂ ಅಲ್ಲಿಯೇ ಅತ್ತಿದ್ದೇನೆ. ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಕೂಡಿ ಕುಳಿತು ಹೋದವರ ಬಗ್ಗೆ ಮಾತಾಡೋಣ ಎಂದು ಮ್ಯಾನೇಜರನ್ನು ಕೇಳು. ಸಾವಿನ ಮನೆಯಲ್ಲಿ ಏನೂ ಹೇಳದೆ ಸುಮ್ಮನೆ ಜೊತೆಗೆ ಕುಳಿತಿರುವುದನ್ನು ನೀನು ಊರಿನಲ್ಲೇ ಕಲಿತು ಹೋಗಿದ್ದೀಯೆ; ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ನಾಡಿದ್ದು ತಿಥಿ ಮುಗಿಸಿಕೊಂಡು ಮುಂದಿನ ವಾರ ಹಿಂದಿರುಗುತ್ತೇನೆ. ನಿನ್ನ ರಾತ್ರಿ ಪಾಳಿಯಲ್ಲಿ ಯಾರಾದರೂ ಕೊನೆಯ ಉಸಿರಿನ ಹತ್ತಿರ ಇದ್ದು ನಿನಗೆ ಧೈರ್ಯ ಸಾಲದಿದ್ದರೆ, ಅವರ ಹೆಸರು ಹೇಳದೆ, ಎಷ್ಟು ಹೊತ್ತಾದರೂ ಸರಿ, ನನಗೆ ಫೋನ್ ಮಾಡು.